ಸಂತ ಪೆರ್ಪೆತುವಾ ಮತ್ತು ಸಂತ ಫೆಲಿಸಿಟಿ: ಸೆರೆಮನೆಯ ಇಬ್ಬರು ತಾಯಂದಿರು

ಮಾರ್ಚ್ 7ರಂದು ಬರುವ ಸಂತ ಪೆರ್ಪೆತುವಾ ಮತ್ತು ಸಂತ ಫೆಲಿಸಿಟಿಯರ ಸ್ಮರಣೆ ಸಾಮಾನ್ಯವಾಗಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಡುವೆಯೇ ಬೀಳುವುದರಿಂದ ಅದಕ್ಕೆ ಹಬ್ಬದ ಸಡಗರ ಇರುವುದಿಲ್ಲ. ಆದರೆ ಉಪವಾಸ ಮತ್ತು ಪ್ರಾರ್ಥನೆಗಳ ಆ ದಿನಗಳಲ್ಲಿ ಧ್ಯಾನಿಸುವುದಕ್ಕೆ ಇವರಿಬ್ಬರಷ್ಟು ಹತ್ತಿರದವರು ನನಗೆ ಬೇರೆ ಯಾರೂ ಕಾಣುವುದಿಲ್ಲ. ಕ್ರಿ.ಶ. 203ರಲ್ಲಿ, ಇಂದಿನ ಟ್ಯುನೀಷಿಯಾದಲ್ಲಿರುವ ಕಾರ್ತೇಜ್ ನಗರದಲ್ಲಿ, ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸನ ಮಗ ಗೇತನ ಹುಟ್ಟುಹಬ್ಬಕ್ಕೆಂದು ಏರ್ಪಡಿಸಿದ್ದ ಆಟಗಳಲ್ಲಿ, ಕ್ರೈಸ್ತ ವಿಶ್ವಾಸವನ್ನು ಬಿಡಲೊಪ್ಪದ ಇವರನ್ನೂ ಇವರ ಜೊತೆಗಾರರನ್ನೂ ಕಾಡುಮೃಗಗಳ ಎದುರು ನಿಲ್ಲಿಸಿ ಕೊಲ್ಲಲಾಯಿತು.

ಪೆರ್ಪೆತುವಾಳಿಗೆ ಆಗ ಸುಮಾರು 22 ವರ್ಷ. ಉತ್ತಮ ಮನೆತನದಲ್ಲಿ ಹುಟ್ಟಿ, ಒಳ್ಳೆಯ ವಿದ್ಯೆ ಪಡೆದು, ಮದುವೆಯಾಗಿದ್ದ ಆಕೆಯ ಮಡಿಲಲ್ಲಿ ಮೊಲೆಯುಣ್ಣುವ ಗಂಡುಮಗುವಿತ್ತು. ಫೆಲಿಸಿಟಿ ದಾಸಿ, ತುಂಬು ಗರ್ಭಿಣಿ. ಬಂಧನವಾದಾಗ ಅವರಿನ್ನೂ ಕ್ರೈಸ್ತರಾಗಲು ಧರ್ಮೋಪದೇಶ ಪಡೆಯುತ್ತಿದ್ದವರು, ದೀಕ್ಷಾಸ್ನಾನವಾದದ್ದು ಕಾವಲಿನಲ್ಲಿದ್ದಾಗಲೇ.

ಸೆರೆಮನೆಯ ದಿನಗಳನ್ನು ಪೆರ್ಪೆತುವಾ ತಾನೇ ಬರೆದಿಟ್ಟಿದ್ದಾಳೆ. ಕ್ರೈಸ್ತ ಸ್ತ್ರೀಯೊಬ್ಬಳು ಸ್ವತಃ ಬರೆದು ನಮ್ಮವರೆಗೆ ಉಳಿದುಬಂದಿರುವ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದು. ಅದರಲ್ಲಿ ನಾನು ಮತ್ತೆ ಮತ್ತೆ ಓದುವುದು ಆಕೆ ಕಂಡ ದರ್ಶನಗಳನ್ನಲ್ಲ, ಮಗುವಿನ ಬಗ್ಗೆ ಆಕೆ ಬರೆದ ಮಾತುಗಳನ್ನು. ಸೆರೆಯ ಕತ್ತಲೆ, ಕಿಕ್ಕಿರಿದ ಜನರ ಧಗೆ, ಸಿಪಾಯಿಗಳ ದೌರ್ಜನ್ಯ ಎಲ್ಲವನ್ನೂ ಹೇಳಿದ ಮೇಲೆ, ಇವೆಲ್ಲಕ್ಕಿಂತ ಹೆಚ್ಚಾಗಿ ಮಗುವಿನ ಚಿಂತೆಯೇ ತನ್ನನ್ನು ಹಿಂಡುತ್ತಿತ್ತೆಂದು ಆಕೆ ಬರೆಯುತ್ತಾಳೆ. ಕ್ರೈಸ್ತ ಸಭೆಯ ಉಪಯಾಜಕರಾದ ತೆರ್ತಿಯುಸ್ ಮತ್ತು ಪೊಂಪೋನಿಯುಸ್ ಕಾವಲಿನವರಿಗೆ ಹಣ ಕೊಟ್ಟು, ಕೆಲವು ಗಂಟೆಗಳ ಮಟ್ಟಿಗಾದರೂ ಬಂದಿಗಳು ಗಾಳಿಯಾಡುವ ಜಾಗಕ್ಕೆ ಹೋಗುವಂತೆ ಮಾಡಿದಾಗ, ಹಸಿದು ಬಳಲಿದ್ದ ಕೂಸಿಗೆ ಆಕೆ ಹಾಲೂಡಿಸಿದಳು. ಮುಂದೆ ಮಗುವನ್ನು ಜೊತೆಯಲ್ಲೇ ಇಟ್ಟುಕೊಳ್ಳಲು ಅನುಮತಿ ಸಿಕ್ಕಿದ ಮೇಲೆ ಸೆರೆಮನೆಯೇ ತನಗೆ ಅರಮನೆಯಾಯಿತು ಎನ್ನುತ್ತಾಳೆ.

ಅಪ್ಪನ ವಿಷಯದಲ್ಲಿಯೂ ಆಕೆಯ ಬರಹ ಅಷ್ಟೇ ಪ್ರಾಮಾಣಿಕವಾದದ್ದು. ಕ್ರೈಸ್ತನಲ್ಲದ ಆ ಮುದುಕ ಮೊದಲು ಸಿಟ್ಟಿನಿಂದ ಮೇಲೆ ಬೀಳುತ್ತಾನೆ. ಆಮೇಲೆ ಮಗಳ ಕೈಗಳಿಗೆ ಮುತ್ತಿಟ್ಟು, ಪಾದಕ್ಕೆ ಬಿದ್ದು, ಮಗಳೇ ಎನ್ನದೆ ಒಡತಿಯೆಂದು ಕರೆದು, ತನ್ನ ನರೆಗೂದಲನ್ನಾದರೂ ನೋಡೆಂದು ಅಂಗಲಾಚುತ್ತಾನೆ. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಹಿಲಾರಿಯಾನುಸ್ ಚಕ್ರವರ್ತಿಗಳ ಕ್ಷೇಮಕ್ಕಾಗಿ ಬಲಿ ಅರ್ಪಿಸೆಂದಾಗ ಆಕೆ ಒಲ್ಲೆನೆನ್ನುತ್ತಾಳೆ. ಕ್ರೈಸ್ತಳೋ ಎಂದು ಕೇಳಿದಾಗ ಹೌದೆನ್ನುತ್ತಾಳೆ. ಮಗಳ ಮನಸ್ಸು ತಿರುಗಿಸಲು ಇನ್ನೂ ಹೆಣಗುತ್ತಿದ್ದ ಅಪ್ಪನಿಗೆ ಅಲ್ಲಿಯೇ ಕೋಲಿನ ಏಟು ಬಿತ್ತು. ಆ ಏಟು ತನಗೇ ಬಿದ್ದಂತೆ ತಾನು ನೊಂದೆನೆಂದು ಆಕೆ ಬರೆದಿದ್ದಾಳೆ. ಈ ತಂದೆಯನ್ನು ಬರೀ ಪ್ರಲೋಭನೆಯೆಂದು, ಸೈತಾನನ ಬಲೆಯೆಂದು ಬಣ್ಣಿಸಿ ಮುಗಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಆಕೆಗೆ ಆತನ ಮೇಲೆ ಮರುಕವಿತ್ತು, ಪ್ರೀತಿಯಿತ್ತು; ಅದನ್ನು ಕಿತ್ತೆಸೆಯದೆಯೇ ಆಕೆ ಕ್ರಿಸ್ತನಿಗೆ ನಿಷ್ಠಳಾಗಿ ಉಳಿದಳು ಎಂಬುದರಲ್ಲಿಯೇ ಆ ಸಾಕ್ಷ್ಯದ ತೂಕವಿದೆ.

ಗರ್ಭಿಣಿಯನ್ನು ಕೊಲ್ಲಲು ಕಾನೂನು ಬಿಡುತ್ತಿರಲಿಲ್ಲವಾದ್ದರಿಂದ, ತನ್ನವರನ್ನು ಅಗಲಿ ಮುಂದೊಂದು ದಿನ ಅಪರಾಧಿಗಳ ನಡುವೆ ಒಬ್ಬಳೇ ಸಾಯಬೇಕಾದೀತೆಂದು ಫೆಲಿಸಿಟಿ ಕೊರಗುತ್ತಿದ್ದಳು. ಎಲ್ಲರೂ ಕೂಡಿ ಪ್ರಾರ್ಥಿಸಿದ ಮೇಲೆ ಎಂಟನೆಯ ತಿಂಗಳಲ್ಲೇ ನೋವು ಬಂದಿತು. ಈಗಲೇ ಹೀಗೆ ನರಳುವವಳು ಮೃಗಗಳ ಎದುರು ಏನು ಮಾಡುವೆ ಎಂದು ಕಾವಲುಗಾರನೊಬ್ಬ ಹಂಗಿಸಿದಾಗ, ಈಗ ಅನುಭವಿಸುತ್ತಿರುವವಳು ನಾನು, ಅಲ್ಲಿ ನನ್ನೊಳಗೆ ಮತ್ತೊಬ್ಬನಿದ್ದು ನನಗಾಗಿ ಅನುಭವಿಸುವನು ಎಂದು ಆಕೆ ಉತ್ತರಿಸಿದಳು. ಹುಟ್ಟಿದ ಹೆಣ್ಣುಮಗುವನ್ನು ಕ್ರೈಸ್ತ ಸಹೋದರಿಯೊಬ್ಬಳು ತನ್ನ ಮಗಳಾಗಿಯೇ ಸಾಕಿದಳು.

ರಂಗದಲ್ಲಿ ನಡೆದುದನ್ನು ಕಂಡವರು ಬರೆದಿದ್ದಾರೆ. ಅದರ ಕ್ರೌರ್ಯವನ್ನು ಇಲ್ಲಿ ವಿವರಿಸಲಾರೆ. ಒಂದನ್ನು ಮಾತ್ರ ಹೇಳಬೇಕು. ಕಾಡುಹಸು ಎತ್ತಿ ಎಸೆದ ಮೇಲೆ ಪೆರ್ಪೆತುವಾ ಎದ್ದು, ಜಜ್ಜಿಹೋಗಿ ಬಿದ್ದಿದ್ದ ಫೆಲಿಸಿಟಿಯ ಬಳಿಗೆ ಹೋಗಿ, ಕೈಕೊಟ್ಟು ಎಬ್ಬಿಸಿದಳು. ಇಬ್ಬರೂ ಜೊತೆಯಾಗಿ ನಿಂತರು. ಕುಲೀನೆಯೂ ದಾಸಿಯೂ ಹಾಗೆ ಸಮಸಮನಾಗಿ ನಿಂತದ್ದನ್ನು ಆ ಜನಸ್ತೋಮ ನೋಡಿತು.

ಮುಂದೆ ಇವರ ವೃತ್ತಾಂತವನ್ನು ಆಫ್ರಿಕಾದ ದೇವಾಲಯಗಳಲ್ಲಿ ಹಬ್ಬದ ದಿನ ಓದುತ್ತಿದ್ದರು. ಹಿಪ್ಪೋದ ಧರ್ಮಾಧ್ಯಕ್ಷರಾದ ಸಂತ ಅಗಸ್ಟೀನರು ಆ ದಿನ ನೀಡಿದ ಪ್ರಬೋಧನೆಗಳು ಇಂದಿಗೂ ಲಭ್ಯವಿವೆ. ಕಥೋಲಿಕ ಬಲಿಪೂಜೆಯ (ಮಾಸ್) ಮೊದಲನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ ಗುರುಗಳು ಸಂತರನ್ನು ಹೆಸರಿಸುವಾಗ ಫೆಲಿಸಿಟಿ, ಪೆರ್ಪೆತುವಾ ಎಂಬ ಹೆಸರುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ದಾಸಿಯ ಹೆಸರೇ ಮೊದಲು. ನಮ್ಮ ದೇಶದ ಸೆರೆಮನೆಗಳಲ್ಲಿಯೂ ಆರು ವರ್ಷದವರೆಗಿನ ಮಕ್ಕಳು ತಾಯಿಯೊಡನೆ ಇರಲು ಅವಕಾಶವಿದೆ. ಆ ತಾಯಂದಿರನ್ನೂ ಅವರ ಕೂಸುಗಳನ್ನೂ, ಹೊರಗೆ ಕಾಯುತ್ತಿರುವ ಅವರ ಹೆತ್ತವರನ್ನೂ ಮಾರ್ಚ್ 7ರ ಪೂಜೆಯಲ್ಲಿ ನಾನು ಈ ಇಬ್ಬರು ಸಂತರ ಕೈಗೊಪ್ಪಿಸುತ್ತೇನೆ.