ಚಿಗವ್ವನ ಡಾಬು

ಕಳೆದ ನಾಗರ ಪಂಚಮಿಗೆ ಬಾಗಲಕೋಟೆಯ ನವನಗರದ ಮನೆಗೆ ಹೋದಾಗ, ಹಬ್ಬದ ಮರುದಿನ ಮಧ್ಯಾಹ್ನ ಚಿಗವ್ವನ ಜೊತೆ ಕುಳಿತು ‘ಓಂಕಾರ’ ಚಿತ್ರವನ್ನು ನೋಡಿದೆ. ಪದವಿ ತರಗತಿಗಳಿಗೆ ಶೇಕ್ಸ್‌ಪಿಯರನ ‘ಒಥೆಲೊ’ ಪಾಠ ಹೇಳುವ ನನಗೆ, ವಿಶಾಲ್ ಭಾರದ್ವಾಜ್ ಆ ನಾಟಕವನ್ನು ಆಧರಿಸಿ 2006ರಲ್ಲಿ ತೆಗೆದ ಈ ಹಿಂದಿ ಚಿತ್ರ ಹೊಸದೇನಲ್ಲ. ಆದರೆ ಅದನ್ನು ಚಿಗವ್ವನ ಪಕ್ಕದಲ್ಲಿ ಕುಳಿತು ನೋಡಬೇಕೆಂಬ ಆಸೆಯೂ ನೋಡಬಾರದೆಂಬ ಅಳುಕೂ ಬಹಳ ವರ್ಷಗಳಿಂದ ನನ್ನೊಳಗೆ ಒಟ್ಟಿಗೇ ಇದ್ದವು.

ಪಶ್ಚಿಮ ಉತ್ತರ ಪ್ರದೇಶದ ಹಿಂದಿ ಚಿಗವ್ವನಿಗೆ ಅಷ್ಟಾಗಿ ತಿಳಿಯದು. ನಾನು ನಡುನಡುವೆ ಕಥೆ ಹೇಳುತ್ತ ಹೋದೆ. ವೆನಿಸ್ಸಿನ ಸೇನಾಪತಿ ಒಥೆಲೊ ಇಲ್ಲಿ ರಾಜಕಾರಣಿಯೊಬ್ಬನ ಬಲಗೈಯಾದ ಓಂಕಾರ ಶುಕ್ಲನಾಗಿದ್ದಾನೆ. ಮೈಬಣ್ಣದ ಹೀಯಾಳಿಕೆಯ ಜೊತೆಗೆ ಜಾತಿಯ ಹೀಯಾಳಿಕೆಯೂ ಸೇರಿ ಅವನು ‘ಅರ್ಧ ಬ್ರಾಹ್ಮಣ’ ಎನಿಸಿಕೊಂಡಿದ್ದಾನೆ. ತನ್ನನ್ನು ಬದಿಗಿಟ್ಟು ಕೇಸುವಿಗೆ ಪಟ್ಟ ಕಟ್ಟಿದರೆಂದು ಒಳಗೇ ಕುದಿಯುವ ಲಂಗಡಾ ತ್ಯಾಗಿ, ಓಂಕಾರನ ಕಿವಿಯಲ್ಲಿ ಅವನ ಪ್ರೇಯಸಿ ಡಾಲಿಯ ಮೇಲೆ ಸಂಶಯದ ಮೊದಲ ಮಾತನ್ನು ಹಾಕಿದಾಗ ಚಿಗವ್ವ ನನ್ನ ವಿವರಣೆಗೆ ಕಾಯಲಿಲ್ಲ. “ಇಂವಾ ನಮ್ಮ ಬಾಳ್ಯಾನಂಗ ಅದಾನ ನೋಡವಾ. ಮಗ್ಗಲಾಗ ಕುಂತು ಕೊಳ್ಳ ಕೊಯ್ಯಾಂವ” ಎಂದಳು. ಬೈಲಹೊಂಗಲದ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ರಾತ್ರಿಯಿಡೀ ಕುಳಿತು ನೋಡಿದವಳಿಗೆ, ಗೆಳೆಯನೇ ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುವ ಕಥೆಯನ್ನು ಇನ್ನೊಬ್ಬರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೂಲ ನಾಟಕದಲ್ಲಿ ಕೇಡಿಗೆ ಕಾರಣವಾಗುವುದು ಒಂದು ಕರವಸ್ತ್ರ. ಒಥೆಲೊನ ತಾಯಿಯಿಂದ ಬಂದದ್ದು, ಸ್ಟ್ರಾಬೆರಿ ಹಣ್ಣುಗಳ ಕಸೂತಿ ಇರುವಂಥದ್ದು. “ಒಂದು ಕರವಸ್ತ್ರಕ್ಕಾಗಿ ಹೆಂಡತಿಯನ್ನು ಕೊಲ್ಲುತ್ತಾನೆಯೇ ಸರಿ?” ಎಂದು ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಭಾರದ್ವಾಜ್ ಅದರ ಜಾಗದಲ್ಲಿ ಕಮರ್‌ಬಂದ್ ಇಟ್ಟಿದ್ದಾರೆ, ಅಂದರೆ ನಮ್ಮ ಡಾಬು. ಈ ಒಂದು ಬದಲಾವಣೆಗಾಗಿಯೇ ನಾನು ಈ ಚಿತ್ರವನ್ನು ಎತ್ತರದಲ್ಲಿ ಇಡುತ್ತೇನೆ. ಡಾಬು ಗಂಡನ ಮನೆಯ ಒಡವೆ; ಹಿರಿಯರ ಕೈಯಿಂದ ಸೊಸೆಯ ನಡುವಿಗೆ ಬರುತ್ತದೆ. ಅವಳು ಅದನ್ನು ತೊಡುತ್ತಾಳೆಯೇ ಹೊರತು ಅದು ಎಂದೂ ಅವಳದಾಗುವುದಿಲ್ಲ. ಅದು ಕಾಣದಾದರೆ ಕಳೆದದ್ದು ಒಡವೆಯೊಂದೇ ಅಲ್ಲವೆಂಬುದು ಇಡೀ ಮನೆಗೆ ಗೊತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಮಗೆ ಅದು ಗೊತ್ತಾದದ್ದು ಹಳೆಯ ಬಾಗಲಕೋಟೆಯ ಮನೆಯಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಆ ಮನೆ ಹೋಗಿ ಎಷ್ಟೋ ವರ್ಷಗಳಾದವು. ನನಗಾಗ ಒಂಬತ್ತು ವರ್ಷ. ಚಿಗವ್ವ ಮದುವೆಯಾಗಿ ಬಂದು ಎರಡನೆಯ ಪಂಚಮಿ. ಆ ವರ್ಷ ಅವಳು ತವರಿಗೆ ಹೋಗಲಿಲ್ಲ. ಅವಳ ಅಣ್ಣನೇ ಉಂಡಿಯ ಬುಟ್ಟಿ ತಂದುಕೊಟ್ಟು ಸಂಜೆಯ ಬಸ್ಸಿಗೆ ಹಿಂತಿರುಗಿದ. ಜೋಕಾಲಿ ಆಡಿ ಬಂದ ಚಿಗವ್ವ ಬೆಳ್ಳಿಯ ಡಾಬನ್ನು ಬಿಚ್ಚಿ ಬಚ್ಚಲ ಗೋಡೆಯ ಗೂಡಿನಲ್ಲಿಟ್ಟಿದ್ದಳು. ನಾನು ಅದನ್ನು ಎತ್ತಿಕೊಂಡು ಲಂಗದ ಮೇಲೆ ತೊಟ್ಟೆ. ನನ್ನ ಸಣ್ಣ ನಡುವಿನಲ್ಲಿ ಅದು ನಿಲ್ಲದೆ ಮತ್ತೆ ಮತ್ತೆ ಜಾರುತ್ತಿತ್ತು. ಎದುರಿನ ತಗಡಿನಲ್ಲಿ ನವಿಲಿನ ಚಿತ್ತಾರ, ನವಿಲಿನ ಕಣ್ಣಿಗೆ ಕೆಂಪು ಹರಳು; ಕೊಂಡಿಯ ತಿರುಪು ಸವೆದು ಸಡಿಲಾಗಿತ್ತು. ಪಡಸಾಲೆಯಲ್ಲಿ ಯಾರೋ ಬಂದ ಸದ್ದಾಯಿತು. ಹೆದರಿ, ಬಾಯಿ ತೆರೆದಿದ್ದ ಜೋಳದ ಚೀಲದೊಳಗೆ ಅದನ್ನು ಮೊಣಕೈವರೆಗೆ ಒತ್ತಿ ಹುಗಿದುಬಿಟ್ಟೆ.

ಡಾಬು ಅಣ್ಣನ ಬುಟ್ಟಿಯಲ್ಲಿ ತವರಿಗೆ ಹೋಗಿರಬೇಕೆಂಬ ಮಾತು ಆ ರಾತ್ರಿಯೇ ಹುಟ್ಟಿತು. ಮೊದಲು ಯಾರು ಆಡಿದರೋ ನೆನಪಿಲ್ಲ. ಕಾಕಾ ಬೈಯಲಿಲ್ಲ, ಕೈ ಎತ್ತಲಿಲ್ಲ, ಮಾತು ಬಿಟ್ಟರು. ಚಿಗವ್ವ ಹಿತ್ತಲಿನಲ್ಲಿ ನನ್ನನ್ನು ಹತ್ತಿರ ಕರೆದು, ತಲೆ ಸವರಿ, “ನೀ ಏನರ ನೋಡಿಯೇನವಾ?” ಎಂದು ಕೇಳಿದಳು. “ನನಗ ಗೊತ್ತಿಲ್ಲ” ಎಂದೆ. ನಾಲ್ಕೈದು ದಿನಗಳ ಮೇಲೆ ಅವ್ವ ಗಿರಣಿಗೆ ಕಳಿಸಲೆಂದು ಜೋಳ ಹಸನು ಮಾಡುವಾಗ ಮೊರದಲ್ಲಿ ಡಾಬು ಬಿದ್ದಿತು. ಅದು ಚೀಲಕ್ಕೆ ಹೇಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಚಿಗವ್ವ ಅದನ್ನು ಮತ್ತೆ ತೊಟ್ಟದ್ದನ್ನು ನಾನು ನೋಡಿಲ್ಲ.

ನಾಟಕದ ಮೂರನೆಯ ಅಂಕದಲ್ಲಿ ಒಥೆಲೊನ ಹೆಂಡತಿ ಡೆಸ್ಡಿಮೋನಾ, ಕರವಸ್ತ್ರ ಎಲ್ಲಿ ಕಳೆದಿರಬಹುದೆಂದು ಎಮಿಲಿಯಾಳನ್ನು ಕೇಳುತ್ತಾಳೆ. ಅದನ್ನು ಎತ್ತಿ ಗಂಡ ಇಯಾಗೊನಿಗೆ ಕೊಟ್ಟವಳೇ ಎಮಿಲಿಯಾ. ಆದರೂ ಗೊತ್ತಿಲ್ಲ ಎನ್ನುತ್ತಾಳೆ. ಇಯಾಗೊನ ದುಷ್ಟತನದ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲ ನಾನು, ಈ ಒಂದು ಸಾಲನ್ನು ತರಗತಿಯಲ್ಲಿ ಪ್ರತಿ ಸಲವೂ ಬೇಗ ದಾಟಿಸಿಬಿಡುತ್ತೇನೆ. ‘ಓಂಕಾರ’ದಲ್ಲಿ ಎಮಿಲಿಯಾಳ ಜಾಗದಲ್ಲಿರುವವಳು ಲಂಗಡಾ ತ್ಯಾಗಿಯ ಹೆಂಡತಿ ಇಂದು. ಕೊಂಕಣಾ ಸೇನ್ ಶರ್ಮಾ ಈ ಪಾತ್ರಕ್ಕೆ ಪೋಷಕ ನಟಿಯ ರಾಷ್ಟ್ರಪ್ರಶಸ್ತಿ ಪಡೆದರು. ಡಾಲಿ ಉಸಿರು ನಿಂತು ಮಲಗಿರುವ ಕೋಣೆಯಲ್ಲಿ, ಕಮರ್‌ಬಂದ್ ಕದ್ದವಳು ತಾನೇ ಎಂದು ಇಂದು ಹೇಳುವಾಗ ಓಂಕಾರನಿಗೂ ಅವಳಿಗೂ ಒಂದೇ ಕ್ಷಣದಲ್ಲಿ ಎಲ್ಲವೂ ಅರ್ಥವಾಗುತ್ತದೆ. ನಾಟಕದಲ್ಲಿ ಸತ್ಯ ಹೇಳಿದ ಎಮಿಲಿಯಾಳನ್ನು ಗಂಡ ಇರಿದು ಕೊಲ್ಲುತ್ತಾನೆ; ಇಲ್ಲಿ ಇಂದುವೇ ಗಂಡನ ಕುತ್ತಿಗೆ ಕೊಯ್ಯುತ್ತಾಳೆ. ಈ ತಿರುವನ್ನು ಮೆಚ್ಚುವವರು ಬಹಳ. ನನಗೆ ಮಾತ್ರ ಕುಡುಗೋಲಿಗಿಂತ ಮೊದಲಿನ ಆ ಕ್ಷಣ, ಹೇಳಬೇಕಾದ ಮಾತು ಹೊತ್ತು ಮೀರಿ ಬಾಯಿಗೆ ಬಂದಾಗಿನ ಅವಳ ಮುಖ, ನೋಡಲಾಗದಷ್ಟು ಕಠಿಣ.

ಚಿತ್ರ ಮುಗಿದ ಮೇಲೆ ನಾನು ಟಿವಿ ಆರಿಸಿದೆ. ಕಾಕಾ ತೀರಿಕೊಂಡು ಆರು ವರ್ಷವಾಗಿದೆ. ಇನ್ನು ಯಾರಿಗಾಗಿ ಮುಚ್ಚಿಡುವುದು? “ಚಿಗವ್ವಾ, ಆ ಡಾಬು ಜೋಳದ ಚೀಲದಾಗ ಹುಗದಾಕಿ ನಾನs. ನಾಲ್ಕೈದು ದಿನ ಸುಮ್ಮನಿದ್ದೆ” ಎಂದೆ.

ಅವಳು ಬಹಳ ಹೊತ್ತು ಕಿಟಕಿಯ ಕಡೆಗೆ ನೋಡುತ್ತ ಕುಳಿತಳು. ಆಮೇಲೆ ಬೆರಳ ಗಿಣ್ಣುಗಳನ್ನು ಎಣಿಸತೊಡಗಿದಳು.

“ಐದಲ್ಲವಾ, ಒಂಬತ್ತು. ಪಂಚಮಿ ಮರುದಿನದಿಂದ ಎಣಸು. ನೂಲ ಹುಣ್ಣಿವಿ ದಿನಾ ಅದು ಸಿಕ್ಕಿತು. ನಡುವ ಒಂದು ಶ್ರಾವಣ ಸ್ವಾಮಾರ ಬಂದಿತ್ತು. ಒಪ್ಪತ್ತು ಬಿಡಾಕೂ ನಿಮ್ಮ ಕಾಕಾ ನಾ ನೀಡಿದ್ದು ಉಣ್ಣಲಿಲ್ಲ.”