ಪ್ಲೇಟ್‌ಲೆಟ್ ಇಳಿದದ್ದಕ್ಕಿಂತ ನಾಳದೊಳಗೆ ಕಟ್ಟುವ ಹೆಪ್ಪೇ ಅಪಾಯ

ತೀವ್ರ ಮಲೇರಿಯಾ ಇರುವ ಮಗುವಿನ ರಿಪೋರ್ಟಲ್ಲಿ ಪ್ಲೇಟ್‌ಲೆಟ್ 30,000 ಅಂತ ಕಂಡರೆ ಸಾಕು, ‘ಬೇಗ ಪ್ಲೇಟ್‌ಲೆಟ್ ಹಾಕಿಸಿ’ ಎಂಬ ಒತ್ತಾಯ ಶುರುವಾಗುತ್ತದೆ. ಡೆಂಗಿ ಕಲಿಸಿದ ಭಯ ಇದು. ಮಲೇರಿಯಾದಲ್ಲಿ ಸಂಖ್ಯೆ 1,50,000ಕ್ಕಿಂತ ಕೆಳಗಿಳಿಯುವುದು ತೀರಾ ಸಾಮಾನ್ಯ, ಅದರಿಂದ ರಕ್ತ ಸೋರುವುದು ಅಪರೂಪ. ಔಷಧಿ ಹತ್ತಿ ಪರಾವಲಂಬಿ ಸತ್ತರೆ ಕೆಲವು ದಿನಗಳಲ್ಲಿ ತಾನಾಗಿ ಏರುತ್ತದೆ. ರಕ್ತಸ್ರಾವವಿಲ್ಲದ ಮಗುವಿಗೆ ಬರೀ ಸಂಖ್ಯೆ ನೋಡಿ ಪ್ಲೇಟ್‌ಲೆಟ್ ಕೊಡಬೇಕಾಗಿಲ್ಲ.

ತೊಂದರೆ ಶುರುವಾಗುವುದು ಸಣ್ಣ ನಾಳಗಳ ಒಳಗೆ. ಫಾಲ್ಸಿಪಾರಮ್ ಎಂಬ ಮಲೇರಿಯಾ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣ ನಾಳದ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಅದು ಹಿಡಿಯುವ ಕೊಂಡಿಗಳಲ್ಲಿ ಇಪಿಸಿಆರ್ ಎಂಬ ಪ್ರೋಟೀನ್ ಒಂದು. ಹೆಪ್ಪಿಗೆ ಬ್ರೇಕ್ ಹಾಕುವ ಪ್ರೋಟೀನ್ ಸಿ ಚುರುಕಾಗಬೇಕಾದರೆ ಇದೇ ಕೊಂಡಿ ಬೇಕು. ಕೊಂಡಿ ತುಂಬಿಹೋದರೆ, ಇಲ್ಲವೇ ಕಳಚಿಬಿದ್ದರೆ, ಅಷ್ಟು ಜಾಗದಲ್ಲಿ ಹೆಪ್ಪುಗಟ್ಟಿಸುವ ಥ್ರಾಂಬಿನ್ ಹೆಚ್ಚಿ, ಹೆಪ್ಪಿನ ಎಳೆಯಾದ ಫೈಬ್ರಿನ್ ಕಟ್ಟುತ್ತದೆ. ಮಿದುಳಿನ ನಾಳಗಳಲ್ಲಿ ಈ ಕೊಂಡಿ ಮೊದಲೇ ಕಡಿಮೆ, ಹಾಗಾಗಿ ಪೆಟ್ಟೂ ಅಲ್ಲೇ ಜೋರು. ಹಾಗಂತ ಹೆಪ್ಪು ತಡೆಯುವ ಹೆಪಾರಿನ್ ಕೊಡಲು ಹೊರಡಬೇಡಿ. ಲಾಭ ಕಂಡಿಲ್ಲ, ರಕ್ತಸ್ರಾವದ ಭಯ ಮಾತ್ರ ಇದೆ. ಆಸ್ಪಿರಿನ್, ಐಬುಪ್ರೊಫೆನ್ ಕೂಡ ಬೇಡ; ಜ್ವರಕ್ಕೆ ಒಂದು ಡೋಸಿಗೆ ಕಿಲೋಗೆ 15 ಮಿ.ಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಸಾಕು.

ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗೆ ಕಳಿಸುವಾಗ ಎಡವುವುದು ಟ್ಯೂಬಿನಲ್ಲೇ. ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡುವ ಸಿಟ್ರೇಟ್ ಒಂದು ಪಾಲಿಗೆ ರಕ್ತ ಒಂಬತ್ತು ಪಾಲು ಇರಬೇಕು. ರಕ್ತನಾಳ ಸಿಗದ ಮಗುವಿನಿಂದ ಅರ್ಧ ಟ್ಯೂಬ್ ತೆಗೆದು ಕಳಿಸಿದರೆ ಸಿಟ್ರೇಟ್ ಹೆಚ್ಚಾಗಿ ಸಮಯ ಸುಳ್ಳೇ ಉದ್ದ ಬರುತ್ತದೆ. ಗೆರೆಯವರೆಗೆ ತುಂಬಿಸಲಾಗದಿದ್ದರೆ ಚಿಕ್ಕ ಟ್ಯೂಬ್ ಕೇಳಿ. ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ ಕುಸಿದಂತೆ ಕಂಡರೆ ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ಸೂಕ್ಷ್ಮದರ್ಶಕದಲ್ಲಿ ನೋಡಿ: ಗುಂಪುಗಟ್ಟಿದ ಪ್ಲೇಟ್‌ಲೆಟ್‌ಗಳನ್ನು ಯಂತ್ರ ಎಣಿಸುವುದಿಲ್ಲ.

ಲ್ಯಾಬ್ ಇಲ್ಲದ ಕಡೆ ಇಪ್ಪತ್ತು ನಿಮಿಷದ ಪರೀಕ್ಷೆ ಇದೆ. ಹೊಸ, ಒಣಗಿದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಓರೆ ಮಾಡಿ. ಇನ್ನೂ ನೀರಾಗಿ ಹರಿದರೆ ಹೆಪ್ಪುಗಟ್ಟುವ ಶಕ್ತಿ ಬಹಳ ಕುಸಿದಿದೆ ಎಂದರ್ಥ. ಪ್ಲಾಸ್ಟಿಕ್ ಟ್ಯೂಬ್, ಸೋಪು ಹಾಕಿ ತೊಳೆದ ಟ್ಯೂಬ್ ಎರಡೂ ಸುಳ್ಳು ಹೇಳುತ್ತವೆ. ಸಣ್ಣಪುಟ್ಟ ದೋಷ ಇದರಲ್ಲಿ ಗೊತ್ತಾಗುವುದಿಲ್ಲ.

ದಿನವೂ ವಸಡು, ಮೂಗು, ಸೂಜಿ ಚುಚ್ಚಿದ ಜಾಗ, ಮಲದ ಬಣ್ಣ ನೋಡುತ್ತಿರಿ. ವಸಡಿನಿಂದಲೋ ಚುಚ್ಚಿದ ಜಾಗದಿಂದಲೋ ರಕ್ತ ನಿಲ್ಲದೆ ಜಿನುಗುವುದು, ಕಪ್ಪು ಮಲ, ರಕ್ತವಾಂತಿ ಕಂಡರೆ ಅದೇ ತೀವ್ರತೆಯ ಗುರುತು. ಆಗ ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್ ವಿಚಾರ ಬರುತ್ತದೆ. ಹಿಮೋಗ್ಲೋಬಿನ್ 5ರ ಆಸುಪಾಸಿನಲ್ಲಿರುವ ಮಗುವಿಗೆ ಚಿಕ್ಕ ರಕ್ತಸ್ರಾವವೂ ದೊಡ್ಡದೇ.

ಇಷ್ಟಕ್ಕೂ ಮೂಲ ಚಿಕಿತ್ಸೆ ಪರಾವಲಂಬಿಯನ್ನು ಕೊಲ್ಲುವ ಆರ್ಟಿಸುನೇಟ್ ಇಂಜೆಕ್ಷನ್: 20 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಕಿಲೋಗೆ 3 ಮಿ.ಗ್ರಾಂ, ಅದಕ್ಕಿಂತ ದೊಡ್ಡವರಿಗೆ 2.4, ಮೊದಲ ಡೋಸ್, ಅದಾದ 12 ಗಂಟೆಗೆ, 24 ಗಂಟೆಗೆ, ಆಮೇಲೆ ದಿನಕ್ಕೊಮ್ಮೆ. ರಕ್ತ ಜಿನುಗುತ್ತಿರುವ ಮಗುವಿಗೆ ಸ್ನಾಯುವಿಗಿಂತ ರಕ್ತನಾಳಕ್ಕೆ ಕೊಡುವುದೇ ಲೇಸು; ಸ್ನಾಯುವಿಗೆ ಚುಚ್ಚಿದರೆ ಒಳಗೇ ರಕ್ತ ಗಂಟುಕಟ್ಟಬಹುದು. ಆದರೆ ರಕ್ತನಾಳ ಸಿಗಲಿಲ್ಲವೆಂದು ಡೋಸ್ ತಡ ಮಾಡಬೇಡಿ. ತೊಡೆಗೇ ಕೊಟ್ಟು, ಚುಚ್ಚಿದ ಜಾಗವನ್ನು ಉಜ್ಜದೆ ಕೆಲವು ನಿಮಿಷ ಒತ್ತಿ ಹಿಡಿಯಿರಿ.