ಬಿಸಿಲಲ್ಲಿ, ಬೆಟ್ಟದೆತ್ತರದಲ್ಲಿ ಹಳೆಯ ವಿಮಾನ ಹೇಗೆ ಏರುತ್ತಿತ್ತು?

ಹಳೆಯ ಪ್ರೊಪೆಲ್ಲರ್ ವಿಮಾನಗಳ ಹುಚ್ಚು ನನಗಿದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದೇ ಪ್ರಶ್ನೆ: "ಅಷ್ಟು ಎತ್ತರದ ನಿಲ್ದಾಣದಿಂದ, ಅದೂ ಬಿಸಿಲಲ್ಲಿ, ಅವು ಹೇಗೆ ಮೇಲೇರುತ್ತಿದ್ದವು?"

ಹೊರೆ ಇಳಿಸಿ, ಹೊತ್ತು ನೋಡಿ ಏರುತ್ತಿದ್ದವು.

ಬೊಲಿವಿಯಾದ ಎಲ್ ಆಲ್ಟೊ ನಿಲ್ದಾಣ ಸಮುದ್ರಮಟ್ಟದಿಂದ 4,000 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ನಿಂತ ಒಂದು ಡಿಸಿ-3ರ (ಎರಡು ಪ್ರೊಪೆಲ್ಲರ್ ಎಂಜಿನ್‌ಗಳ ಹಳೆಯ ವಿಮಾನ) ಕಾಕ್‌ಪಿಟ್ ಊಹಿಸಿಕೊಳ್ಳಿ. ಎಂಜಿನ್ ಸೇರುವ ಗಾಳಿಯ ಒತ್ತಡ ತೋರಿಸಲು ಅಲ್ಲೊಂದು ಗೇಜ್ ಇದೆ. ಎಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ಸಮುದ್ರದ ಪಕ್ಕದಲ್ಲಾದರೆ ಮುಳ್ಳು 30 ಇಂಚಿನ (ಪಾದರಸದ ಎತ್ತರದಲ್ಲಿ ಒತ್ತಡದ ಅಳತೆ) ಹತ್ತಿರ, ಎಲ್ ಆಲ್ಟೊದಲ್ಲಿ ಬರೀ 18. ಒಂದೊಂದು ಎಂಜಿನ್‌ನಿಂದ ಪೂರ್ತಿ 1,200 ಅಶ್ವಶಕ್ತಿ ಸಿಗಬೇಕಾದರೆ 48 ಬೇಕು. ಗಾಳಿಯನ್ನು ಒತ್ತಿ ತುಂಬಲು ಸೂಪರ್‌ಚಾರ್ಜರ್ ಇದೆ, ನಿಜ. ಆದರೆ 18ರಿಂದ 48ಕ್ಕೆ ಏರಿಸುವ ಶಕ್ತಿ ಅದಕ್ಕಿಲ್ಲ. ಥ್ರಾಟಲ್ ಕೊನೆತನಕ ತಳ್ಳಿದರೂ ಮುಳ್ಳು ಮಧ್ಯದಲ್ಲೇ ನಿಲ್ಲುತ್ತದೆ.

ಇನ್ನು ಬಿಸಿ. ಅಲ್ಲಿ 15 ಡಿಗ್ರಿ ಅಂದ್ರೆ ತಂಪು ಅನ್ನಿಸುತ್ತೆ, ಅಲ್ವಾ? ಆದರೆ ಆ ಎತ್ತರಕ್ಕೆ ವಿಮಾನದವರು ಹಿಡಿಯುವ ಲೆಕ್ಕ ಮೈನಸ್ 11. ಅಂದರೆ 26 ಡಿಗ್ರಿ ಜಾಸ್ತಿ! ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ; ಅಂಥ ದಿನ ಅದರ ಸಾಂದ್ರತೆ ಸಮುದ್ರಮಟ್ಟದ ಶೇ. 60ರಷ್ಟೇ. ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ರೆಕ್ಕೆಗೂ ಸಿಗುವುದು ಅದೇ ತೆಳು ಗಾಳಿ.

ಮಿಕ್ಸ್ಚರ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿ-ಪೆಟ್ರೋಲ್ ಬೆರಕೆಯ ವಿಷಯ ಯಾರೂ ಕೇಳುವುದಿಲ್ಲ. ನನಗೆ ತುಂಬಾ ಇಷ್ಟದ ಕೆಲಸ ಅದೇ. ಗಾಳಿ ಕಡಿಮೆಯಾದಾಗ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಸೊರಗುತ್ತದೆ. ಮಿಕ್ಸ್ಚರ್ ಲಿವರ್ ಸ್ವಲ್ಪ ಹಿಂದೆಳೆದು ಪೆಟ್ರೋಲ್ ತಗ್ಗಿಸಿದರೆ ಚೇತರಿಸಿಕೊಳ್ಳುತ್ತದೆ. ಇನ್ನೂ ಎಳೆದರೆ ಸಿಲಿಂಡರ್ ಕಾಯುತ್ತದೆ. ತಣಿಸೋಣ ಅಂತ ಕೌಲ್ ಫ್ಲ್ಯಾಪ್ (ಎಂಜಿನ್ ಕವಚದ ಗಾಳಿ ಬಾಗಿಲುಗಳು) ಅಗಲವಾಗಿ ತೆರೆದರೆ ಅದೇ ಗಾಳಿಗೆ ಅಡ್ಡ ನಿಂತು ವಿಮಾನವನ್ನು ಹಿಂದೆ ಜಗ್ಗುತ್ತದೆ. ಪೈಲಟ್‌ನ ಕೈ ಈ ಸಣ್ಣ ಜಾಗದಲ್ಲೇ ಆಡಬೇಕು.

ವೇಗ ತೋರಿಸುವ ಮುಳ್ಳು ಮಾತ್ರ ಎಂದಿನ ಅಂಕಿಯಲ್ಲೇ "ಈಗ ಏಳಬಹುದು" ಅನ್ನುತ್ತದೆ. ಆದರೆ ಗಾಳಿ ತೆಳುವಾದ್ದರಿಂದ ಅಷ್ಟು ಹೊತ್ತಿಗೆ ಚಕ್ರಗಳು ಸಮುದ್ರಮಟ್ಟಕ್ಕಿಂತ ಶೇ. 30ರಷ್ಟು ಜಾಸ್ತಿ ವೇಗದಲ್ಲಿ ಓಡುತ್ತಿರುತ್ತವೆ. ಶಕ್ತಿ ಕಡಿಮೆ, ಬೇಕಾದ ವೇಗ ಜಾಸ್ತಿ. ಎಲ್ ಆಲ್ಟೊದ ರನ್‌ವೇ 4 ಕಿಲೋಮೀಟರ್ ಉದ್ದ ಇರುವುದು ಸುಮ್ನೆ ಅಲ್ಲ.

ತುಂಬಿದ ಭಾರದಲ್ಲಿ ಅಲ್ಲಿ ಒಂದು ಎಂಜಿನ್ ನಿಂತರೆ, ಉಳಿದೊಂದು ವಿಮಾನವನ್ನು ಮೇಲೆತ್ತಲಾರದು. ಅದಕ್ಕೇ ಬುದ್ಧಿವಂತ ಪೈಲಟ್ ಬೆಳಗಿನ ಚಳಿ ಇರುವಾಗಲೇ ಹೊರಡುತ್ತಾನೆ. ಟ್ಯಾಂಕ್ ಪೂರ್ತಿ ತುಂಬಿಸುವುದಿಲ್ಲ. ಕೆಳಗಿನ ಯಾವುದೋ ನಿಲ್ದಾಣದಲ್ಲಿ ಇಳಿದು, ದಪ್ಪ ಗಾಳಿಯಲ್ಲಿ ಉಳಿದ ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋಗುತ್ತಾನೆ.